ಮ್ಯೂನಿಕ್‌ಗೂ ಮೊದಲು ಅಡಿಸ್ ಅಬಾಬ

ಪ್ರಶ್ನೆ: 1939ರ ಸೆಪ್ಟೆಂಬರ್ 1ರಂದು ಹಿಟ್ಲರ್ ಪೋಲೆಂಡಿನ ಮೇಲೆ ದಾಳಿ ಮಾಡಿದ್ದರಿಂದ ಎರಡನೆಯ ಮಹಾಯುದ್ಧ ಆರಂಭವಾಯಿತೆಂದು ಓದಿದ್ದೇವೆ. ಹಿಂದಿನ ವರ್ಷ ಹಿಟ್ಲರನೊಡನೆ ಮ್ಯೂನಿಕ್‌ನಲ್ಲಿ ನಡೆದ ಸಭೆಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಗಟ್ಟಿಯಾಗಿ ನಿಂತಿದ್ದರೆ ಯುದ್ಧ ತಪ್ಪುತ್ತಿತ್ತೆ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ತಪ್ಪುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ, ಆದರೆ ಅದು ಹಿಟ್ಲರನಿಗೆ ಅಷ್ಟು ಅನುಕೂಲವಾದ ಯುದ್ಧವಾಗುತ್ತಿರಲಿಲ್ಲ. ಕಾರಣ ತಿಳಿಯಲು ಮ್ಯೂನಿಕ್‌ಗಿಂತ ಹಿಂದಕ್ಕೆ ಹೋಗಬೇಕು.

1934ರ ಜುಲೈನಲ್ಲಿ ಆಸ್ಟ್ರಿಯದ ನಾಜಿಗಳು ಅಲ್ಲಿನ ಚಾನ್ಸಲರ್ ಡೋಲ್‌ಫುಸ್‌ನನ್ನು ಕೊಂದು ಅಧಿಕಾರ ಕಬಳಿಸಲು ಯತ್ನಿಸಿದಾಗ ಇಟಲಿಯ ಮುಸೊಲಿನಿ ಆಸ್ಟ್ರಿಯದೊಡನೆ ತನಗಿದ್ದ ಬ್ರೆನ್ನರ್ ಗಡಿಗೆ ಸೈನ್ಯವನ್ನು ಕಳುಹಿಸಿದನು. ಹಿಟ್ಲರ್ ಆ ದಂಗೆಗೂ ತನಗೂ ಸಂಬಂಧವಿಲ್ಲವೆಂದು ಹಿಂದೆ ಸರಿದನು. ಒಬ್ಬ ಸರ್ವಾಧಿಕಾರಿಯನ್ನು ಆಗ ತಡೆದವನು ಇನ್ನೊಬ್ಬ ಸರ್ವಾಧಿಕಾರಿ ಎಂಬುದನ್ನು ನೆನಪಿನಲ್ಲಿಡಿ. 1935ರ ಏಪ್ರಿಲ್‌ನಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಇಟಲಿ ಸ್ಟ್ರೇಸಾದಲ್ಲಿ ಸೇರಿ ಜರ್ಮನಿಯ ವಿರುದ್ಧ ಒಂದಾಗಿ ನಿಲ್ಲುವುದಾಗಿ ಹೇಳಿದವು. ಎರಡೇ ತಿಂಗಳಲ್ಲಿ ಬ್ರಿಟನ್, ಫ್ರಾನ್ಸನ್ನು ಕೇಳದೆ, ತನ್ನ ನೌಕಾಬಲದ ಶೇ. 35ರಷ್ಟನ್ನು ಜರ್ಮನಿ ಹೊಂದಬಹುದೆಂಬ ಒಪ್ಪಂದಕ್ಕೆ ಸಹಿ ಹಾಕಿತು.

ಆ ಅಕ್ಟೋಬರ್‌ನಲ್ಲಿ ಮುಸೊಲಿನಿ ಅಬಿಸೀನಿಯದ ಮೇಲೆ, ಅಂದರೆ ಇಂದಿನ ಇಥಿಯೋಪಿಯದ ಮೇಲೆ, ದಂಡೆತ್ತಿ ಹೋದನು. ಎರಡೂ ದೇಶಗಳು ಮೊದಲ ಮಹಾಯುದ್ಧದ ಬಳಿಕ ಶಾಂತಿ ಕಾಪಾಡಲೆಂದು ಸ್ಥಾಪನೆಯಾಗಿದ್ದ ರಾಷ್ಟ್ರಸಂಘದ ಸದಸ್ಯರಾಗಿದ್ದವು. ಸಂಘವು ಇಟಲಿಯನ್ನು ಆಕ್ರಮಣಕಾರಿಯೆಂದು ಘೋಷಿಸಿ ವ್ಯಾಪಾರ ನಿರ್ಬಂಧಗಳನ್ನು ಹೇರಿತು. ಆದರೆ ಯುದ್ಧಕ್ಕೆ ಅತ್ಯಗತ್ಯವಾದ ತೈಲವೇ ಆ ಪಟ್ಟಿಯಲ್ಲಿರಲಿಲ್ಲ. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಇಟಲಿಯ ಸೈನಿಕರನ್ನು ಹೊತ್ತ ಹಡಗುಗಳು ಸುಂಕ ಕಟ್ಟಿ ಅದೇ ಕಾಲುವೆಯಲ್ಲಿ ಸಾಗಿದವು. ಡಿಸೆಂಬರ್‌ನಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಹೋರ್ ಮತ್ತು ಫ್ರಾನ್ಸಿನ ಪ್ರಧಾನಿ ಲಾವಾಲ್ ಸೇರಿ ಅಬಿಸೀನಿಯದ ದೊಡ್ಡ ಭಾಗವನ್ನು ಇಟಲಿಗೆ ಬಿಟ್ಟುಕೊಡುವ ಯೋಜನೆ ರೂಪಿಸಿದ್ದು ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ಬಯಲಾಯಿತು. ವಿಷಾನಿಲಕ್ಕೂ ಹೇಸದ ಇಟಲಿಯ ಸೇನೆ 1936ರ ಮೇನಲ್ಲಿ ಅಬಿಸೀನಿಯದ ರಾಜಧಾನಿ ಅಡಿಸ್ ಅಬಾಬವನ್ನು ಹೊಕ್ಕಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನೀತಿಯಿಂದ ಹಾವು ಕೆರಳಿತಷ್ಟೆ.

ಈ ಗದ್ದಲದ ನಡುವೆ, 1936ರ ಮಾರ್ಚ್ 7ರಂದು, ಹಿಟ್ಲರ್ ಮೊದಲ ಮಹಾಯುದ್ಧದ ಬಳಿಕದ ವರ್ಸೇಲ್ಸ್ ಒಪ್ಪಂದವನ್ನು ಮುರಿದು, ಸೈನ್ಯವಿಡಬಾರದೆಂಬ ಕಟ್ಟಳೆಯಿದ್ದ ಜರ್ಮನಿಯದೇ ಪಶ್ಚಿಮದ ಗಡಿಪ್ರದೇಶವಾದ ರೈನ್‌ಲ್ಯಾಂಡಿಗೆ ಸೈನ್ಯ ನುಗ್ಗಿಸಿದನು. ಯಾರೂ ತಡೆಯಲಿಲ್ಲ. ನಿರ್ಬಂಧಗಳಿಂದ ಮುನಿದ ಮುಸೊಲಿನಿ ಅದೇ ವರ್ಷ ಹಿಟ್ಲರನ ಕೈ ಹಿಡಿದನು. ಆದ್ದರಿಂದಲೇ 1938ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಆಸ್ಟ್ರಿಯವನ್ನು ನುಂಗಿದಾಗ ಬ್ರೆನ್ನರ್‌ಗೆ ಒಬ್ಬ ಸೈನಿಕನೂ ಬರಲಿಲ್ಲ. ಆಸ್ಟ್ರಿಯ ಹೋದೊಡನೆ ಜೆಕೊಸ್ಲೊವಾಕಿಯದ ಪಶ್ಚಿಮಾರ್ಧವನ್ನು ಜರ್ಮನಿ ಮೂರು ಕಡೆಯಿಂದ ಸುತ್ತುವರಿದಂತಾಯಿತು.

ಹೀಗೆ ಮ್ಯೂನಿಕ್‌ಗೆ ಬರುವ ಹೊತ್ತಿಗೆ ಅರ್ಧ ಆಟ ಮುಗಿದಿತ್ತು. ಜೆಕ್ ಪ್ರತಿನಿಧಿಗಳನ್ನು ಹೊರಗೆ ಕೂರಿಸಿ ಬ್ರಿಟನ್, ಫ್ರಾನ್ಸ್, ಇಟಲಿ ಮತ್ತು ಜರ್ಮನಿಯ ನಾಲ್ವರು ನಾಯಕರು ಜರ್ಮನ್ ಭಾಷಿಕರು ಹೆಚ್ಚಾಗಿದ್ದ, ಜೆಕ್ಕರ ಗಡಿಕೋಟೆಗಳಿದ್ದ ಸುಡೆಟನ್‌ಲ್ಯಾಂಡನ್ನು ಹಿಟ್ಲರನಿಗೆ ಒಪ್ಪಿಸಿದರು. 1939ರ ಮಾರ್ಚ್ 15ರಂದು ಪ್ರಾಗ್ ನಗರವೂ ಅವನ ವಶವಾಯಿತು. ಜೆಕ್ ಕಾರ್ಖಾನೆಗಳಲ್ಲಿ ತಯಾರಾದ ಟ್ಯಾಂಕುಗಳನ್ನು ಅವನು ಪೋಲೆಂಡ್ ಮತ್ತು ಫ್ರಾನ್ಸಿನ ವಿರುದ್ಧವೇ ಬಳಸಿದನು. ಜರ್ಮನ್ ಭಾಷಿಕರನ್ನು ಒಂದುಗೂಡಿಸುತ್ತಿದ್ದೇನೆ ಎಂಬ ನೆಪ ಪ್ರಾಗ್‌ನಲ್ಲಿ ಕಳಚಿಬಿದ್ದುದರಿಂದಲೇ ಬ್ರಿಟನ್ ಮಾರ್ಚ್ 31ರಂದು ಪೋಲೆಂಡಿಗೆ ಅಭಯ ನೀಡಿತು. ಆದರೆ ಆಗಸ್ಟ್ 23ರಂದು ಪೋಲೆಂಡಿನ ಪೂರ್ವದ ನೆರೆಯಾದ ಸೋವಿಯತ್ ಒಕ್ಕೂಟದ ಸ್ಟಾಲಿನ್ ಹಿಟ್ಲರನೊಡನೆ ಅನಾಕ್ರಮಣ ಒಪ್ಪಂದ ಮಾಡಿಕೊಂಡ ಮೇಲೆ ಆ ಅಭಯವನ್ನು ನಡೆಸಿಕೊಡುವ ದಾರಿಯೇ ಉಳಿಯಲಿಲ್ಲ. ಇನ್ನು ಹಿಟ್ಲರನ ಮನಸ್ಸಿನ ಮಾತು: ಬಲಪ್ರಯೋಗದಿಂದಲೇ ನೆಲ ಗಳಿಸಬೇಕೆಂದು ಅವನು 1937ರ ನವೆಂಬರ್‌ನಲ್ಲಿಯೇ ತನ್ನ ಸೇನಾಧಿಪತಿಗಳಿಗೆ ತಿಳಿಸಿದ್ದನು. ಯುದ್ಧ ತಪ್ಪುತ್ತಿರಲಿಲ್ಲವೆಂದು ನಾನು ಹೇಳುವುದು ಇದರಿಂದಲೇ.

ಪ್ರಶ್ನೆ: ಚೀನದಲ್ಲಿ ಜಪಾನ್ ನಡೆಸಿದ ಯುದ್ಧಕ್ಕೂ ಯುರೋಪಿನ ಯುದ್ಧಕ್ಕೂ ಸಾವಿರಾರು ಮೈಲಿಗಳ ಅಂತರ. ಅವೆರಡೂ ಒಂದೇ ಯುದ್ಧವಾದದ್ದು ಹೇಗೆ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಜಪಾನಿನಲ್ಲಿ ಹಿಟ್ಲರನಂಥ ಒಬ್ಬ ಸರ್ವಾಧಿಕಾರಿ ಇರಲಿಲ್ಲ, ಸೇನಾಧಿಕಾರಿಗಳೇ ಸರ್ಕಾರವನ್ನು ತಮ್ಮ ಹಿಂದೆ ಎಳೆದುಕೊಂಡು ಹೋದರು. 1931ರಲ್ಲಿ ಮಂಚೂರಿಯವನ್ನು ಆಕ್ರಮಿಸಿದ ಅವರು ರಾಷ್ಟ್ರಸಂಘ ಖಂಡಿಸಿದಾಗ ಸಂಘವನ್ನೇ ತೊರೆದರು. 1937ರಿಂದ ಚೀನದೊಡನೆ ಪೂರ್ಣ ಪ್ರಮಾಣದ ಯುದ್ಧ ಸಾಗಿತು, ಆದರೆ ಮುಗಿಯಲಿಲ್ಲ.

ಎರಡನ್ನೂ ಬೆಸೆದದ್ದು ಹಿಟ್ಲರನ ಗೆಲುವು ಮತ್ತು ಜಪಾನಿನ ತೈಲದ ಕೊರತೆ. 1940ರಲ್ಲಿ ಫ್ರಾನ್ಸ್ ಮತ್ತು ಹಾಲೆಂಡ್ ಸೋತಾಗ ಏಷ್ಯದಲ್ಲಿದ್ದ ಅವುಗಳ ವಸಾಹತುಗಳು ಕಾವಲಿಲ್ಲದ ಹೊಲದಂತಾದವು. 1941ರ ಜುಲೈನಲ್ಲಿ ಜಪಾನ್ ಫ್ರಾನ್ಸಿನ ವಸಾಹತಾದ ಇಂಡೋಚೀನದ ದಕ್ಷಿಣ ಭಾಗಕ್ಕೂ ಕಾಲಿಟ್ಟಾಗ ಅಮೆರಿಕ ತೈಲ ಪೂರೈಕೆಯನ್ನು ನಿಲ್ಲಿಸಿತು. ಜಪಾನ್ ಸುಡುತ್ತಿದ್ದ ತೈಲದಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಚೀನದಿಂದ ಹಿಂದೆ ಸರಿಯುವುದು ಅಥವಾ ಡಚ್ ಈಸ್ಟ್ ಇಂಡೀಸಿನ, ಅಂದರೆ ಇಂದಿನ ಇಂಡೋನೇಷ್ಯದ, ತೈಲಬಾವಿಗಳನ್ನು ಕಸಿದುಕೊಳ್ಳುವುದು, ಈ ಎರಡರಲ್ಲಿ ಸೇನೆ ಎರಡನೆಯದನ್ನು ಆರಿಸಿತು. ಅಡ್ಡಬರಬಹುದಾದ ಅಮೆರಿಕದ ನೌಕಾಪಡೆಯನ್ನು ಡಿಸೆಂಬರ್ 7ರಂದು ಪರ್ಲ್ ಹಾರ್ಬರ್‌ನಲ್ಲಿ ಹೊಡೆಯಿತು. ನಾಲ್ಕು ದಿನಗಳ ಬಳಿಕ ಹಿಟ್ಲರ್ ಅಮೆರಿಕದ ಮೇಲೆ ಯುದ್ಧ ಸಾರಿದನು. ಮಿತ್ರರ ಮೇಲೆ ದಾಳಿಯಾದರೆ ಮಾತ್ರ ನೆರವಿಗೆ ಬರಬೇಕೆಂದು ಜರ್ಮನಿ, ಇಟಲಿ ಮತ್ತು ಜಪಾನ್ ಮಾಡಿಕೊಂಡಿದ್ದ ತ್ರಿಪಕ್ಷ ಒಪ್ಪಂದ ಹೇಳುತ್ತಿದ್ದುದರಿಂದ, ಮೊದಲು ದಾಳಿ ಮಾಡಿದ ಜಪಾನಿಗಾಗಿ ಅವನು ಹಾಗೆ ಮಾಡಬೇಕಾದ ಕಟ್ಟುಪಾಡೇನೂ ಇರಲಿಲ್ಲ.