ಚಂದಾ ನಿಲ್ಲಿಸುವ ಮೊದಲು ಕಡತಗಳನ್ನು ನೋಡಿ

ಪ್ರಶ್ನೆ: ನಮ್ಮದು ನಾಲ್ಕೈದು ಮಂದಿಯ ಪುಟ್ಟ ಕಚೇರಿ. ಪತ್ರವ್ಯವಹಾರ ಮತ್ತು ಲೆಕ್ಕಪತ್ರದ ಜೊತೆಗೆ ಕರಪತ್ರ, ಸಣ್ಣ ಪುಸ್ತಕಗಳ ಪುಟವಿನ್ಯಾಸವನ್ನೂ ಮಾಡುತ್ತೇವೆ. ಮೈಕ್ರೋಸಾಫ್ಟ್ ಆಫೀಸ್, ಫೋಟೋಶಾಪ್ ಹಾಗೂ ಇನ್‌ಡಿಸೈನ್‌ಗಳ ಚಂದಾ ಹೊರೆಯಾಗುತ್ತಿದೆ. ಬದಲಿಗೆ ಓಪನ್ ಸೋರ್ಸ್ ತಂತ್ರಾಂಶಗಳನ್ನು, ಅಂದರೆ ಮೂಲ ಸಂಕೇತ (ಪ್ರೋಗ್ರಾಂನ ಬರಹ) ಎಲ್ಲರಿಗೂ ತೆರೆದಿರುವಂಥವನ್ನು, ಬಳಸಬಹುದೇ? ವ್ಯಾಪಾರಕ್ಕೆ ಬಳಸಿದರೆ ಕಾನೂನಿನ ತೊಡಕಿದೆಯೇ? ಅವು ಸುರಕ್ಷಿತವೇ?

ಉತ್ತರ: ಬಳಸಬಹುದು, ಆದರೆ ಮೂರನ್ನೂ ಒಟ್ಟಿಗೆ ಬದಲಿಸಬೇಡಿ. ಒಂದು ತಂತ್ರಾಂಶದ ಸೌಲಭ್ಯಗಳೆಲ್ಲ ಇನ್ನೊಂದರಲ್ಲಿ ಇವೆಯೇ ಎಂದು ಪಟ್ಟಿ ಹಿಡಿದು ಹೋಲಿಸುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಿಮ್ಮ ಕಡತಗಳು ಯಾರ ಕೈಗೆ ಹೋಗುತ್ತವೆ, ಅವರು ಅವನ್ನು ಓದಿ ಬಿಡುವವರೋ ಅಥವಾ ತಿದ್ದಿ ಹಿಂದಿರುಗಿಸುವವರೋ ಎಂಬುದರ ಮೇಲೆ ಈ ಬದಲಾವಣೆ ಸುಲಭವೋ ಕಷ್ಟವೋ ಎಂಬುದು ನಿಂತಿದೆ. ಓದುವವರಿಗಷ್ಟೇ ಕಳಿಸುವುದಾದರೆ ಪಿಡಿಎಫ್ ಮಾಡಿ ಕೊಟ್ಟರಾಯಿತು. ನೀವು ಯಾವ ತಂತ್ರಾಂಶ ಬಳಸಿದಿರಿ ಎಂಬುದು ಅವರಿಗೆ ತಿಳಿಯಬೇಕಾದದ್ದೂ ಇಲ್ಲ.

ಮೊದಲು ಆಫೀಸ್ ಕೆಲಸವನ್ನು ಬದಲಿಸಿ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್ ನಿಮ್ಮ ಪತ್ರ, ಕೋಷ್ಟಕಗಳಿಗೆ ಸಾಕು. ಅದರ ಸಹಜ ಕಡತ ವಿನ್ಯಾಸವಾದ ಒಡಿಎಫ್ 2006ರಿಂದಲೇ ಐಎಸ್‌ಒ ಮಾನಕವಾಗಿದೆ. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನೂ ಅದು ತೆರೆದು, ಅದೇ ರೂಪದಲ್ಲಿ ಉಳಿಸಬಲ್ಲದು. ‘ಪುಟ ಕದಲಿತು’ ಎಂಬ ದೂರು ಮಾತ್ರ ಆಗಾಗ ಕೇಳಿಬರುತ್ತದೆ. ಇದಕ್ಕೆ ಬಹಳ ಸಲ ಕಾರಣ ತಂತ್ರಾಂಶವಲ್ಲ, ಫಾಂಟ್. ಕ್ಯಾಲಿಬ್ರಿಯಲ್ಲಿ ಬರೆದ ಪತ್ರವನ್ನು ಆ ಫಾಂಟ್ ಇಲ್ಲದ ಲಿನಕ್ಸ್ (ವಿಂಡೋಸ್ ಬದಲು ಬಳಸುವ ಓಪನ್ ಸೋರ್ಸ್ ಕಾರ್ಯಾಚರಣಾ ವ್ಯವಸ್ಥೆ) ಗಣಕದಲ್ಲಿ ತೆರೆದಾಗ ಅದರ ಜಾಗದಲ್ಲಿ ಬೇರೊಂದು ಬಂದು ಕೂರುತ್ತದೆ. ಅಕ್ಷರದ ಅಗಲ ಕೂದಲೆಳೆಯಷ್ಟು ಬೇರೆಯಾದರೂ ಸಾಲಿನ ಕೊನೆಯ ಪದ ಕೆಳಗಿಳಿದು, ಅದರ ಹಿಂದೆ ಉಳಿದ ಸಾಲುಗಳೂ ಜರುಗಿ, ಒಂದು ಪುಟದ ಪತ್ರದ ಸಹಿ ಎರಡನೆಯ ಪುಟಕ್ಕೆ ಹೋಗುತ್ತದೆ. ಕ್ಯಾಲಿಬ್ರಿಯ ಅಳತೆಗೇ ಹೊಂದಿಸಿ ಮಾಡಿದ ಕಾರ್ಲಿಟೊ ಮತ್ತು ಕೇಂಬ್ರಿಯಾಕ್ಕೆ ಸರಿಹೊಂದುವ ಕ್ಯಾಲಡಿಯ ಎಂಬ ಉಚಿತ ಫಾಂಟ್‌ಗಳನ್ನು ಹಾಕಿಕೊಂಡರೆ ಈ ತಾಪತ್ರಯದ ಬಹುಪಾಲು ತೀರುತ್ತದೆ.

ಮ್ಯಾಕ್ರೋಗಳ, ಅಂದರೆ ಕಡತದೊಳಗೆ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂಗಳ ವಿಷಯ ಅಷ್ಟು ಸುಲಭವಲ್ಲ. ಎಕ್ಸೆಲ್‌ಗಾಗಿ ವಿಬಿಎ ಎಂಬ ಮೈಕ್ರೋಸಾಫ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮ್ಯಾಕ್ರೋಗಳಲ್ಲಿ ಕೆಲವು ಮಾತ್ರ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇದ್ದಂತೆಯೇ ನಡೆಯುತ್ತವೆ. ನಿಮ್ಮ ಲೆಕ್ಕಪತ್ರ ಅಂಥವುಗಳ ಮೇಲೆ ನಿಂತಿದ್ದರೆ ಆ ಒಂದು ಗಣಕದಲ್ಲಿ ಎಕ್ಸೆಲ್ ಅನ್ನು ಉಳಿಸಿಕೊಳ್ಳಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಫ್ರಾನ್ಸಿನ ರಾಷ್ಟ್ರೀಯ ಜಾಂದಾರ್ಮರಿ ಪೊಲೀಸ್ ಪಡೆ ಕೂಡ 2005ರಲ್ಲಿ ಮೊದಲು ಆಫೀಸ್ ತಂತ್ರಾಂಶವನ್ನು, ಆಮೇಲೆ ಬ್ರೌಸರ್ ಮತ್ತು ಇಮೇಲ್ ತಂತ್ರಾಂಶಗಳನ್ನು ಬದಲಿಸಿ, ಸಿಬ್ಬಂದಿಗೆ ಅವು ರೂಢಿಯಾದ ಬಳಿಕವೇ ವಿಂಡೋಸ್ ಬಿಟ್ಟು ಉಬುಂಟು ಲಿನಕ್ಸ್‌ಗೆ ಕೈಹಾಕಿತು. ನೀವು ವಿಂಡೋಸ್ ಬಿಡಲೇಬೇಕೆಂದಿಲ್ಲ, ಏಕೆಂದರೆ ನಾನು ಇಲ್ಲಿ ಹೆಸರಿಸುವ ತಂತ್ರಾಂಶಗಳೆಲ್ಲ ಅದರಲ್ಲೂ ನಡೆಯುತ್ತವೆ.

ಚಿತ್ರ ತಿದ್ದಲು ಗಿಂಪ್ ಇದೆ. ಕತ್ತರಿಸುವುದು, ಬಣ್ಣ ಸರಿಪಡಿಸುವುದು, ಹಿನ್ನೆಲೆ ತೆಗೆಯುವುದು ಮುಂತಾದ ನಿತ್ಯದ ಕೆಲಸಗಳಿಗೆ ಅದು ಸಾಲುತ್ತದೆ; ಮೂಲ ಚಿತ್ರವನ್ನು ಕೆಡಿಸದೆ ಫಿಲ್ಟರ್ ಹಾಕುವ ಸೌಲಭ್ಯ 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಕೊನೆಗೂ ಸೇರಿದೆ. ಆದರೆ ಫೋಟೋಶಾಪ್ ಕಡತದಲ್ಲಿನ ಅಡ್ಜಸ್ಟ್‌ಮೆಂಟ್ ಲೇಯರ್, ಸ್ಮಾರ್ಟ್ ಆಬ್ಜೆಕ್ಟ್‌ಗಳಂಥ, ಮೂಲ ಚಿತ್ರವನ್ನು ಮುಟ್ಟದೆ ತಿದ್ದುವ ಪದರಗಳು ಇಲ್ಲಿ ಹಾಗೆಯೇ ತೆರೆದುಕೊಳ್ಳುತ್ತವೆಂದು ನೆಚ್ಚಿಕೊಳ್ಳಬೇಡಿ. ಗಿಂಪ್ ಮೂಲತಃ ಕೆಲಸ ಮಾಡುವುದು ಪರದೆಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬಣ್ಣಗಳಲ್ಲಿ. ಮುದ್ರಣಕ್ಕೆ ಬೇಕಾದ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣಕ್ರಮ) ಪಿಡಿಎಫ್ ಅನ್ನು ಪುಟವಿನ್ಯಾಸದ ತಂತ್ರಾಂಶವಾದ ಸ್ಕ್ರೈಬಸ್ ಚೆನ್ನಾಗಿ ಸಿದ್ಧಪಡಿಸುತ್ತದೆ. ಸ್ಕ್ರೈಬಸ್‌ನ ಹಳೆಯ 1.4 ಸರಣಿಯಲ್ಲಿ ಒತ್ತಕ್ಷರಗಳಿರುವ ಲಿಪಿಗಳು ಒಡೆದು ಕಾಣುತ್ತಿದ್ದವು, ಆದ್ದರಿಂದ 1.6 ಅಥವಾ ಅದಕ್ಕೂ ಹೊಸದನ್ನೇ ಬಳಸಿ.

ಕಾನೂನಿನ ತೊಡಕಿಲ್ಲ. ಬಳಕೆಯ ಕ್ಷೇತ್ರವನ್ನು ನೋಡಿ ಪರವಾನಗಿ ಭೇದ ಮಾಡಕೂಡದೆಂಬುದು ಓಪನ್ ಸೋರ್ಸ್ ವ್ಯಾಖ್ಯೆಯಲ್ಲೇ ಇದೆ, ವ್ಯಾಪಾರವೂ ಅದರಲ್ಲಿ ಸೇರಿದೆ. ಹಲವು ಓಪನ್ ಸೋರ್ಸ್ ತಂತ್ರಾಂಶಗಳಿಗಿರುವ ಜಿಪಿಎಲ್ ಪರವಾನಗಿಯು ಮೂಲ ಸಂಕೇತವನ್ನು ಒದಗಿಸಬೇಕೆಂದು ವಿಧಿಸುವ ಷರತ್ತು ನೀವು ತಂತ್ರಾಂಶವನ್ನೇ ಇತರರಿಗೆ ಹಂಚಿದಾಗ ಅನ್ವಯಿಸುತ್ತದೆ. ಅದರಿಂದ ತಯಾರಿಸಿದ ಕರಪತ್ರ ನಿಮ್ಮದೇ. ಆದರೆ ಉಚಿತವಾಗಿ ಸಿಗುವುದೆಲ್ಲ ಓಪನ್ ಸೋರ್ಸ್ ಅಲ್ಲ. ವೈಯಕ್ತಿಕ ಬಳಕೆಗಷ್ಟೇ ಉಚಿತವಾದ ತಂತ್ರಾಂಶಗಳು ಬೇಕಾದಷ್ಟಿವೆ, ಅಂಥವನ್ನು ಕಚೇರಿಯಲ್ಲಿ ಬಳಸುವಂತಿಲ್ಲ.

ಸುರಕ್ಷತೆಯ ಬಗ್ಗೆ ಅತಿಯಾದ ಭಯವೂ ಬೇಡ, ಅತಿಯಾದ ನಂಬಿಕೆಯೂ ಬೇಡ. ಮೂಲ ಸಂಕೇತ ಎಲ್ಲರಿಗೂ ತೆರೆದಿದೆ ಎಂದ ಮಾತ್ರಕ್ಕೆ ಯಾರೋ ಅದನ್ನು ಓದಿ ಪರೀಕ್ಷಿಸಿದ್ದಾರೆ ಎಂದಾಗುವುದಿಲ್ಲ. ಅಂತರಜಾಲ ಸಂಪರ್ಕಗಳನ್ನು ಗೂಢಲಿಪಿಯಿಂದ ಕಾಯುವ ಓಪನ್ ಸೋರ್ಸ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ 2012ರ ಆವೃತ್ತಿಯಲ್ಲಿ ಬಂದ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದದ್ದು 2014ರಲ್ಲಿ. ಆಯಾ ಯೋಜನೆಯ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಹುಡುಕಾಟದಲ್ಲಿ ಮೇಲೆ ಕಾಣುವ ಜಾಹೀರಾತಿನ ಕೊಂಡಿಯನ್ನು ಒತ್ತಬೇಡಿ, ಹೊಸ ಆವೃತ್ತಿ ಬಂದಾಗ ತಡಮಾಡದೆ ಹಾಕಿಕೊಳ್ಳಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೆ ಅದೇ ಮುಖ್ಯವಾದದ್ದು. ಇನ್‌ಡಿಸೈನ್‌ನ ಮೂಲ ಕಡತವನ್ನು ಸ್ಕ್ರೈಬಸ್ ತೆರೆಯುವುದಿಲ್ಲ. ಐಡಿಎಂಎಲ್ ರೂಪಕ್ಕೆ (ಬೇರೆ ತಂತ್ರಾಂಶಗಳೂ ಓದಬಲ್ಲ ಇನ್‌ಡಿಸೈನ್ ಕಡತ ರೂಪ) ರಫ್ತು ಮಾಡಿದ್ದನ್ನು ಮಾತ್ರ ಆಮದು ಮಾಡಿಕೊಳ್ಳುತ್ತದೆ, ಅದೂ ಅಲ್ಲಲ್ಲಿ ಕೈಯಿಂದ ಸರಿಪಡಿಸುವ ಕೆಲಸ ಉಳಿಸಿಕೊಂಡು. ಆ ರಫ್ತಿಗೆ ಇನ್‌ಡಿಸೈನ್ ಬೇಕೇ ಬೇಕು. ಹಾಗಾಗಿ ಚಂದಾ ಮುಗಿಯುವ ಮುನ್ನವೇ, ಮರುಮುದ್ರಣಕ್ಕೆ ಬರಬಹುದಾದ ಪ್ರತಿಯೊಂದು ಪುಸ್ತಕದ ಐಡಿಎಂಎಲ್ ಪ್ರತಿಯನ್ನೂ ಪಿಡಿಎಫ್ ಅನ್ನೂ ತೆಗೆದಿಟ್ಟುಕೊಂಡು, ಅವುಗಳಲ್ಲಿ ಅತಿ ಜಟಿಲವಾದ ಒಂದನ್ನು ಸ್ಕ್ರೈಬಸ್‌ನಲ್ಲಿ ತೆರೆದು ನೋಡಿ.