ಟ್ಯೂಷನ್ ಆಮೇಲೆ, ಮೊದಲು ಶಾಲೆಗೊಮ್ಮೆ ಹೋಗಿ ಬನ್ನಿ

ಪತ್ರದ ಸಾರ: ಮಗ ಈ ವರ್ಷ ಹೈಸ್ಕೂಲಿಗೆ ಸೇರಿದ್ದಾನೆ. ಇಷ್ಟು ದಿನ ಚೆನ್ನಾಗಿ ಓದುತ್ತಿದ್ದವನು ಮೊದಲ ಪರೀಕ್ಷೆಯಲ್ಲೇ ಎರಡು ವಿಷಯದಲ್ಲಿ ಕಷ್ಟಪಟ್ಟು ಪಾಸಾಗಿದ್ದಾನೆ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ, ಸಂಜೆ ಕೇಳಿದರೆ ಮಾತಾಡುವುದಿಲ್ಲ. ಅವರಪ್ಪ ‘ಸೋಮಾರಿ ಆಗಿದ್ದಾನೆ, ಎರಡು ಟ್ಯೂಷನ್ ಹಾಕಿಸೋಣ’ ಅಂತಾರೆ. ನೀವೇನು ಹೇಳುತ್ತೀರಿ? (ಹೆಸರು ಬೇಡ ಎಂದಿರುವ ಒಬ್ಬ ತಾಯಿ)

ಉತ್ತರ: ನಿಮ್ಮ ಯಜಮಾನರ ಮಾತನ್ನು ಮೊದಲು ಒಪ್ಪಿಬಿಡುತ್ತೇನೆ ತಾಯಿ. ಹೈಸ್ಕೂಲಿನ ಪಾಠ ಕಷ್ಟವೇ. ಬೀಜಗಣಿತದಲ್ಲಿ ಒಮ್ಮೆ ಹಿಂದೆ ಬಿದ್ದರೆ ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕಾಗುತ್ತದೆ. ಆಯಿತು, ಅವರ ಪಾಲಿನ ನ್ಯಾಯ ಮುಗಿಯಿತು.

ಈಗ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಆರೂ ವಿಷಯದ ಮಾರ್ಕ್ಸ್ ಬರೆದಿದ್ದೀರಿ, ಹೋದ ವರ್ಷದ್ದನ್ನೂ ಪಕ್ಕದಲ್ಲೇ ಹಾಕಿದ್ದೀರಿ. ಅವನು ಯಾರ ಜೊತೆ ಕೂರುತ್ತಾನೆ, ಯಾವ ಟೀಚರ್ ಅಂದರೆ ಇಷ್ಟ, ಇದರ ಬಗ್ಗೆ ಒಂದು ಸಾಲೂ ಇಲ್ಲ. ಬೇಜಾರಾಗಬೇಡಿ, ನನಗೆ ಬರುವ ಇಂಥ ಪತ್ರಗಳೆಲ್ಲ ಹೀಗೇ ಇರುತ್ತವೆ.

ಹಳೆ ಶಾಲೆಯಲ್ಲಿ ಒಬ್ಬ ಟೀಚರ್ ದಿನದ ಬಹುಪಾಲು ಜೊತೆಗಿರುತ್ತಿದ್ದರು. ಮುಖ ನೋಡಿಯೇ ‘ಯಾಕೋ, ಹುಷಾರಿಲ್ವಾ?’ ಅನ್ನುತ್ತಿದ್ದರು. ಈಗ ಗಂಟೆ ಹೊಡೆದ ಹಾಗೆ ಒಬ್ಬೊಬ್ಬರು ಬಂದು ಹೋಗುತ್ತಾರೆ. ಗಣಿತದವರಿಗೆ ಅವನ ಗಣಿತ ಗೊತ್ತು, ವಿಜ್ಞಾನದವರಿಗೆ ಅವನ ರೆಕಾರ್ಡ್ ಪುಸ್ತಕ ಗೊತ್ತು. ಪೂರ್ತಿ ಹುಡುಗ ಯಾರಿಗೂ ಗೊತ್ತಿಲ್ಲ. ಎಲ್ಲರೂ ಹೋಮ್‌ವರ್ಕ್ ಕೊಟ್ಟು ನಾಳೆಗೇ ಬೇಕು ಅಂತಾರೆ. ಉಳಿದವರು ಎಷ್ಟು ಕೊಟ್ಟಿದ್ದಾರೆ ಎಂದು ಯಾರೂ ವಿಚಾರಿಸುವುದಿಲ್ಲ. ಇದರ ಮೇಲೆ, ಮೊನ್ನೆ ಮೊನ್ನೆವರೆಗೆ ಶಾಲೆಗೇ ದೊಡ್ಡವನಾಗಿದ್ದವನು ಇಲ್ಲಿ ಎಲ್ಲರಿಗಿಂತ ಚಿಕ್ಕವನು. ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದು ನಿಂತು ‘ಎಲ್ಲಿ ಕೂರಲಿ?’ ಎಂದು ಸುತ್ತ ನೋಡುವ ಆ ಅರ್ಧ ನಿಮಿಷ ಇದೆಯಲ್ಲ, ಅದನ್ನು ಯಾವ ಟ್ಯೂಷನ್ ಮೇಷ್ಟ್ರು ಹೇಳಿಕೊಡುತ್ತಾರೆ?

ನನ್ನ ಪರಿಚಯದವರ ಮಗಳೊಬ್ಬಳನ್ನು ಅವಳ ವಿಜ್ಞಾನದ ಟೀಚರ್ ಅರ್ಧ ವರ್ಷ ‘ಏಯ್, ಮೂರನೇ ಬೆಂಚು’ ಅಂತಲೇ ಕರೆದರಂತೆ. ಅವಳು ಅಷ್ಟೂ ದಿನ ಒಂದು ಡೌಟ್ ಕೇಳಲಿಲ್ಲ. ಆ ಶಾಲೆಯಲ್ಲಿ ಅವಳ ಹೆಸರು ಹಿಡಿದು ಕರೆದ ಮೊದಲಿಗರು ಲೈಬ್ರರಿ ನೋಡಿಕೊಳ್ಳುವವರು. ‘ಆ ಪುಸ್ತಕ ಮುಗೀತಾ?’ ಎಂದಷ್ಟೇ ಕೇಳಿದ್ದು. ಮಾರನೆ ದಿನದಿಂದ ಬಿಡುವಿದ್ದಾಗೆಲ್ಲ ಹುಡುಗಿ ಅಲ್ಲೇ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲೇ ಬರೆದಿದ್ದರು: ಈ ವಯಸ್ಸಿನವರಿಗೆ ಸದಾ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಹಾಗನ್ನಿಸುವ ಮಗು ಹೆಸರೇ ಗೊತ್ತಿಲ್ಲದವರ ಎದುರು ಎದ್ದು ನಿಂತು ‘ಅರ್ಥ ಆಗಲಿಲ್ಲ’ ಎನ್ನುತ್ತದೆಯೇ?

ಇದು ಬರೀ ನನ್ನ ಹಳೇ ಹಠ ಅಂದುಕೊಳ್ಳಬೇಡಿ. ಶಿಕಾಗೋ ವಿಶ್ವವಿದ್ಯಾಲಯದವರು ಆ ನಗರದ ಸರ್ಕಾರಿ ಹೈಸ್ಕೂಲುಗಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಮೊದಲ ವರ್ಷ ಹಳಿ ತಪ್ಪದವರು, ಅಂದರೆ ಮುಂದಿನ ತರಗತಿಗೆ ಬೇಕಾದಷ್ಟು ಪಾಸಾಗಿ ಮುಖ್ಯ ವಿಷಯಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಫೇಲಾಗದವರು, ನಾಲ್ಕು ವರ್ಷದಲ್ಲಿ (ಅಲ್ಲಿ ಹೈಸ್ಕೂಲು ಅಂದರೆ ನಾಲ್ಕು ವರ್ಷ) ಹೈಸ್ಕೂಲು ಮುಗಿಸುವ ಸಾಧ್ಯತೆ ಹಳಿ ತಪ್ಪಿದವರಿಗಿಂತ ಮೂರೂವರೆ ಪಟ್ಟು ಜಾಸ್ತಿ ಎಂದು 2005ರಲ್ಲಿ ಹೇಳಿದರು. ಮೊದಲ ವರ್ಷ ಯಾರು ಫೇಲಾಗುತ್ತಾರೆ ಎಂದು ತಿಳಿಯಲು ಹಿಂದಿನ ಪರೀಕ್ಷೆಯ ಅಂಕಗಳಿಗಿಂತ ಹಾಜರಿ ನೋಡುವುದೇ ಮೇಲು ಎಂದು 2007ರಲ್ಲಿ ತೋರಿಸಿದರು. ಆಮೇಲೆ ಅಲ್ಲಿನ ಶಾಲೆಗಳು ಯಾವ ಮಗು ತಪ್ಪಿಸಿಕೊಳ್ಳುತ್ತಿದೆ, ಯಾವುದು ಹಿಂದೆ ಬೀಳುತ್ತಿದೆ ಎಂದು ಪಟ್ಟಿ ಹಿಡಿದು ವಿಚಾರಿಸತೊಡಗಿದವು. 2007ರಲ್ಲಿ 57% ಮಕ್ಕಳು ಹಳಿಯ ಮೇಲಿದ್ದರೆ, 2013ರ ಹೊತ್ತಿಗೆ 82%.

ಬೆಳಿಗ್ಗೆ ಏಳದ ವಿಷಯ. ಅದು ಸೋಮಾರಿತನ ಅಲ್ಲ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ, ರಾತ್ರಿ ನಿದ್ದೆ ಬರುವುದೇ ಲೇಟು. 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತಾರೆ ನಿದ್ರಾ ತಜ್ಞರು. ಎರಡು ಟ್ಯೂಷನ್ ಮುಗಿಸಿ, ಹೋಮ್‌ವರ್ಕ್ ಬರೆದು, ಅವನು ಅಷ್ಟು ನಿದ್ದೆಯನ್ನು ಎಲ್ಲಿಂದ ತರಬೇಕು? ಇದನ್ನು ಯಜಮಾನರಿಗೆ ಓದಿ ಹೇಳಿ.

ನನ್ನ ನಿಜವಾದ ಸಿಟ್ಟು ನಿಮ್ಮ ಮನೆಯವರ ಮೇಲಲ್ಲ. ಶಾಲೆಗಳು ತಮ್ಮ ಒಳ್ಳೊಳ್ಳೆ ಅನುಭವಿ ಮೇಷ್ಟ್ರುಗಳನ್ನೆಲ್ಲ ಕೊನೆಯ ವರ್ಷದ ತರಗತಿಗೇ ಕಟ್ಟಿಹಾಕುತ್ತವೆ. ಗೇಟಿನ ಮೇಲೆ ಬ್ಯಾನರ್ ಹಾಕುವುದು ಆ ರಿಸಲ್ಟಿಗೆ ತಾನೇ! ಮೊದಲ ವರ್ಷಕ್ಕೆ ನಿನ್ನೆ ಕೆಲಸಕ್ಕೆ ಸೇರಿದವರು, ನಾಳೆ ಬಿಟ್ಟು ಹೋಗುವವರು. ಹೊಸಬರಿಗಾಗಿ ಏನು ಮಾಡುತ್ತೀರಿ ಎಂದು ಕೇಳಿದರೆ ಒಂದು ದಿನದ ಸ್ವಾಗತ ಸಮಾರಂಭ, ಹೊರಗಿನಿಂದ ಕರೆಸಿದ ಒಬ್ಬರ ಸ್ಫೂರ್ತಿಯ ಭಾಷಣ, ಒಂದು ಗ್ರೂಪ್ ಫೋಟೋ. ಆ ಭಾಷಣಕಾರರಿಗೆ ಕೊಡುವ ದುಡ್ಡನ್ನು ಉಳಿಸಲಿ. ಇರುವ ಟೀಚರುಗಳಿಗೇ ಹದಿನೈದು ಹದಿನೈದು ಮಕ್ಕಳನ್ನು ಹಂಚಿ ‘ಇವರು ನಿಮ್ಮವರು, ವಾರಕ್ಕೊಮ್ಮೆ ಮಾತಾಡಿಸಿ’ ಎಂದರೆ ಎಷ್ಟು ಖರ್ಚಾಗುತ್ತದೆ ಹೇಳಿ? ಇದನ್ನು ಶಾಲೆ ನಡೆಸುವವರೊಬ್ಬರ ಎದುರು ಹೇಳಿದ್ದೆ. ಸುಮ್ನೆ ನಕ್ಕರು.

ಟ್ಯೂಷನ್ನಿಗೆ ದುಡ್ಡು ಕಟ್ಟುವ ಮೊದಲು ನೀವಿಬ್ಬರೂ ಒಮ್ಮೆ ಶಾಲೆಗೆ ಹೋಗಿ. ಮಾರ್ಕ್ಸ್ ಸುದ್ದಿ ಎತ್ತಬೇಡಿ. ‘ನಮ್ಮ ಹುಡುಗನನ್ನು ಇಲ್ಲಿ ಚೆನ್ನಾಗಿ ಬಲ್ಲವರು ಯಾರು?’ ಎಂದು ಕೇಳಿ. ಪಿಟಿ ಮೇಷ್ಟ್ರಾದರೂ ಸರಿ, ಲೈಬ್ರರಿಯವರಾದರೂ ಸರಿ, ಒಂದು ಹೆಸರು ಸಿಕ್ಕರೆ ಅವರ ಹತ್ತಿರ ಮಾತಾಡಿ. ಸಿಗದಿದ್ದರೆ ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಇನ್ನೂ ಜೋರಾಗಿ ಬೈಯುತ್ತೇನೆ.