ಕೆಲಸ ಮಾಡಿ ದಣಿದು ಬಂದಮೇಲೂ ಹವ್ಯಾಸ ಅಂತ ಒಂದು ಯಾಕೆ ಬೇಕು?

ದಣಿದವರಿಗೇ ಅದು ಜಾಸ್ತಿ ಬೇಕು. ಸುಮ್ನೆ ಮಲಗಿದರೆ ಮೈಗೆ ವಿಶ್ರಾಂತಿ ಸಿಗುತ್ತದೆ, ತಲೆಗೆ ಸಿಗುವುದಿಲ್ಲ. ಕೈ ಖಾಲಿಯಿದ್ದಾಗ ಮನಸ್ಸು ಉದ್ರಿ ಲೆಕ್ಕಕ್ಕೋ, ಸಾಹೇಬರ ಮಾತಿಗೋ ವಾಪಸ್ ಹೋಗುತ್ತದೆ. ನಮ್ಮ ಗಮನಕ್ಕೆ ಒಂದು ಮಿತಿಯಿದೆ ನೋಡಿ. ಕಣ್ಣು, ಕೈ ಎರಡನ್ನೂ ಬೇಡುವ ಕೆಲಸ ಹಿಡಿದರೆ ಚಿಂತೆಗೆ ಜಾಗ ಉಳಿಯುವುದಿಲ್ಲ.

ನಾನು ವಿಜಯಪುರದವನು, ದಿನವಿಡೀ ಲೆಕ್ಕ ಬರೆಯುವ ಕೆಲಸ. ಭಾನುವಾರ ಬೆಳಗ್ಗೆ ಗೋಳಗುಮ್ಮಟದ ಮುಂದೆ ಪೆನ್ಸಿಲ್ ಹಿಡಿದು ಕೂರುತ್ತೇನೆ. ಮೂಲೆಯ ಮಿನಾರಿಗೆ ಎಂಟು ಮುಖ, ಏಳು ಅಂತಸ್ತು, ಸಾಲುಸಾಲು ಕಮಾನು. ನಾಲ್ಕನೇ ಅಂತಸ್ತಿನ ಕಮಾನು ಚೂರು ದೊಡ್ಡದಾದರೂ ಮೇಲಿನದೆಲ್ಲ ಹದ ತಪ್ಪುತ್ತದೆ. ಆ ಹೊತ್ತಿನಲ್ಲಿ ಜಿಎಸ್‌ಟಿ ಎಲ್ಲಿಂದ ನೆನಪಾಗಬೇಕು? ಆರು ವರ್ಷವಾಯ್ತು, ಸುಮಾರು 44 ಮೀಟರ್ ಅಗಲದ ಆ ಗುಮ್ಮಟದ ಬಾಗು ಇನ್ನೂ ಕೈಗೆ ಹತ್ತಿಲ್ಲ. ಒಮ್ಮೊಮ್ಮೆ ಬೋರಲು ಹಾಕಿದ ಬುಟ್ಟಿಯಂತೆ ಕಾಣುತ್ತದೆ. ಆದರೂ ಬೈಯುವವರಿಲ್ಲ. ಕೆಲಸದಲ್ಲಿ ತಪ್ಪಿಗೆ ದಂಡ ಕಟ್ಟಬೇಕು, ಇಲ್ಲಿ ಹಾಳೆ ತಿರುವಿದರೆ ಮುಗೀತು.

ಫೋನ್ ನೋಡುವುದೂ ಹವ್ಯಾಸವೇ ಅಲ್ವಾ ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಹೆಬ್ಬೆರಳು ಸರಿಸುತ್ತಲೇ ಚಿಂತೆಯನ್ನೂ ಆರಾಮಾಗಿ ಮಾಡಬಹುದು!

ಚಿತ್ರವೇ ಆಗಬೇಕಿಲ್ಲ. ನಮ್ಮ ಕಡೆ ಸೈಕಲ್ ಹುಚ್ಚಿನವರು ಬಹಳ. ಆಲಮಟ್ಟಿ ಹಿನ್ನೀರಿಗೆ ಹಕ್ಕಿ ನೋಡಲು ಹೋಗುವವರೂ ಇದ್ದಾರೆ. ದುಡ್ಡಿನ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಒಮ್ಮೆ ಪರಿಚಯದವರೊಬ್ಬರು ಮದುವೆ ಉಡುಗೊರೆಗೆಂದು ಚಿತ್ರ ಕೇಳಿ ಮುಂಗಡ ಕೊಟ್ಟರು. ಆ ಎರಡು ವಾರ ನನಗೆ ಪೆನ್ಸಿಲ್ ಮುಟ್ಟುವುದೇ ಬೇಜಾರಾಗಿತ್ತು.